ಅಮ್ಮನ ಫೋಟೋ ಹಾಕುವ ಮೊದಲು ಆ ಹಿಂದಿನ ಕೋಣೆ ಬಿಟ್ಟುಕೊಡಿ

ನಮ್ಮ ಸಂಘದ ಮಾನ್ಯ ಅಧ್ಯಕ್ಷರಿಗೆ, ಗೌರವ ಪ್ರಧಾನ ಕಾರ್ಯದರ್ಶಿಯವರಿಗೆ, ಕಾರ್ಯಕಾರಿ ಸಮಿತಿಯ ಎಲ್ಲ ಸದಸ್ಯರಿಗೆ ಮತ್ತು ಈ ಪತ್ರ ಓದುವ ಮುಂಬಯಿ ಕನ್ನಡಿಗರೆಲ್ಲರಿಗೆ,

ಸಾದರ ನಮಸ್ಕಾರಗಳು.

ನನ್ನ ಅಮ್ಮ ತೀರಿಕೊಂಡ ಮೇಲೆ ಸಂಘದವರು ಶ್ರದ್ಧಾಂಜಲಿ ಸಭೆ ಕರೆದಿರಿ. ಆ ದಿನ ಸಭಾಗೃಹದಲ್ಲಿ ಕುರ್ಚಿ ಸಾಲಲಿಲ್ಲ. ವಡಾಲ, ಮಾಟುಂಗ, ಸಯನ್‌ನವರು ಬಿಡಿ, ಡೊಂಬಿವಲಿ, ಮೀರಾರೋಡ್, ನವಿಮುಂಬಯಿಯಿಂದಲೂ ಜನ ಬಂದಿದ್ದರು. ನಮ್ಮ ಕುಟುಂಬ ಅದನ್ನು ಮರೆಯುವುದಿಲ್ಲ. ಅದೇ ಸಭೆಯಲ್ಲಿ ತಾವು ಎರಡು ಮಾತು ಘೋಷಿಸಿದಿರಿ. ಸಭಾಗೃಹದಲ್ಲಿ ಅಮ್ಮನ ದೊಡ್ಡ ಫೋಟೋ ಹಾಕುವುದು. ಪ್ರತಿ ವರ್ಷ ವಾರ್ಷಿಕೋತ್ಸವದ ದಿನ ಅಮ್ಮನ ಹೆಸರಿನಲ್ಲಿ ಒಬ್ಬರಿಗೆ ಶಾಲು, ಹಾರ, ಸ್ಮರಣಿಕೆ, ನಗದು ಕೊಟ್ಟು ಸೇವಾ ಪ್ರಶಸ್ತಿ ನೀಡುವುದು. ಇದಕ್ಕೆ ಕುಟುಂಬದ ಲಿಖಿತ ಒಪ್ಪಿಗೆ ಬೇಕೆಂದು ಕಚೇರಿಯಿಂದ ಪತ್ರವೂ ಬಂದಿದೆ.

ಆ ಪತ್ರಕ್ಕೆ ಉತ್ತರ ಇದು. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣ ಇದೆ. 2022ರಲ್ಲಿ ಅಮ್ಮ ತಮಗೆ ಬರೆದ ಪತ್ರಕ್ಕೆ ಇವತ್ತಿನವರೆಗೂ ಉತ್ತರ ಬಂದಿಲ್ಲ. ಮತ್ತೆ, ವಿಷಯ ನಮ್ಮ ಮನೆಯದ್ದು ಮಾತ್ರ ಆಗಿದ್ದರೆ ಮನೆಯೊಳಗೇ ಇಟ್ಟುಕೊಳ್ಳುತ್ತಿದ್ದೆ. ಇದು ಎಲ್ಲರ ವಂತಿಗೆಯಿಂದ ಎದ್ದ ಕಟ್ಟಡದ ಒಂದು ಕೋಣೆಯ ವಿಷಯ. ಆ ಕೋಣೆಗೆ ಬರುತ್ತಿದ್ದ ಕಾಯಿಲೆಯವರ ವಿಷಯ.

ಸಭೆಯಲ್ಲಿ ಮಾತಾಡಿದವರೆಲ್ಲ ಅಮ್ಮನನ್ನು ತ್ಯಾಗಮಯಿ, ಕರುಣಾಮಯಿ ಎಂದು ಹೊಗಳಿದರು. ಅವಳು ದಿನಾ ಏನು ಮಾಡುತ್ತಿದ್ದಳು ಎಂದು ಯಾರೂ ಹೇಳಲಿಲ್ಲ. ಸಮಿತಿಯಲ್ಲಿ ಈಗ ಹೊಸಬರೇ ಜಾಸ್ತಿ, ಅವರಿಗೆ ಗೊತ್ತಿರಲಿಕ್ಕಿಲ್ಲ. ಹಾಗಾಗಿ ಮೊದಲಿನಿಂದ ಹೇಳುತ್ತೇನೆ.

ಅಮ್ಮ 1931ರಲ್ಲಿ ಕುಂದಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಹುಟ್ಟಿದವಳು. ಏಳನೇ ಕ್ಲಾಸಿನವರೆಗೆ ಓದಿದಳು. 1951ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದಳು. ಆಗ ಕೊಂಕಣ ರೈಲು ಎಲ್ಲಿತ್ತು? ಅದು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. ಘಟ್ಟ ಹತ್ತಿ ಹುಬ್ಬಳ್ಳಿಗೆ ಬರಬೇಕು, ಅಲ್ಲಿಂದ ಮೀಟರ್‌ಗೇಜ್ ಗಾಡಿಯಲ್ಲಿ ಪುಣೆ, ಪುಣೆಯಲ್ಲಿ ಗಾಡಿ ಬದಲಿಸಿ ಬೊಂಬಾಯಿ. ಅಪ್ಪ ಹಗಲು ಫೋರ್ಟಿನ ಹೋಟೆಲೊಂದರಲ್ಲಿ ಕೆಲಸ ಮಾಡುತ್ತಿದ್ದರು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದುತ್ತಿದ್ದರು. ಊರಿನ ಎಷ್ಟೋ ಹುಡುಗರು ಹಾಗೇ ಮುಂದೆ ಬಂದರು, ತಮಗೆಲ್ಲ ಗೊತ್ತೇ ಇದೆ. ಚಾಳಿನ ಒಂದೇ ಖೋಲಿಯಲ್ಲಿ ನಮ್ಮ ಸಂಸಾರ. ಅಮ್ಮ ಮರಾಠಿ ಕಲಿತದ್ದು ನಳದ ಹತ್ತಿರ, ನೀರಿಗೆ ಸಾಲು ನಿಂತು. 1969ರ ಫೆಬ್ರವರಿಯಲ್ಲಿ ಗಡಿ ವಿವಾದದ ಗಲಭೆ ಎದ್ದಾಗ ಅಪ್ಪ ಕೆಲಸ ಮಾಡುತ್ತಿದ್ದ ಹೋಟೆಲಿನ ಗಾಜು ಪುಡಿಪುಡಿಯಾಯಿತು. ಆ ರಾತ್ರಿಗಳಲ್ಲಿ ನಮ್ಮನ್ನೆಲ್ಲ ತಮ್ಮ ಖೋಲಿಯಲ್ಲಿ ಮಲಗಿಸಿಕೊಂಡವರು ಎದುರಿನ ಮರಾಠಿ ಮನೆಯವರು. ಅಮ್ಮ ಅದನ್ನು ಕೊನೆಯವರೆಗೂ ಹೇಳುತ್ತಿದ್ದಳು.

ಅವಳು ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಹೋಗಲು ಶುರು ಮಾಡಿದ್ದು 1974ರಲ್ಲಿ. ಊರಿನ ಪರಿಚಯದವರೊಬ್ಬರು ಗಂಟಲ ಕ್ಯಾನ್ಸರಿಗೆ ಚಿಕಿತ್ಸೆಗೆಂದು ಬಂದರು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಆಗಷ್ಟೇ ಶುರುವಾಗಿತ್ತು. ಪರೇಲಿನ ಟಾಟಾ ಆಸ್ಪತ್ರೆ 1941ರಿಂದ ಇತ್ತು. ಹಾಗಾಗಿ ಕರ್ನಾಟಕದವರು ಅಲ್ಲಿಗೇ ಬರುತ್ತಿದ್ದರು. ಆ ಪರಿಚಯದವರಿಗೆ ಹಿಂದಿ ಬಾರದು, ಮರಾಠಿ ಬಾರದು. ಅಮ್ಮ ಜೊತೆಗೆ ಹೋದಳು. ಅವರು ಊರಿಗೆ ವಾಪಸಾದ ಮೇಲೂ ಹೋಗುವುದನ್ನು ನಿಲ್ಲಿಸಲಿಲ್ಲ. ಯಾಕೆಂದರೆ ಅಲ್ಲಿ ಕಾರಿಡಾರಿನಲ್ಲಿ ಕೂತಿದ್ದ ವಿಜಯಪುರದ, ಕಲಬುರಗಿಯ, ಬೆಳಗಾವಿಯ ಜನ ಇವಳ ಕನ್ನಡ ಕೇಳಿ ಹತ್ತಿರ ಬಂದುಬಿಟ್ಟಿದ್ದರು. "ಯವ್ವಾ, ಡಾಕ್ಟರ್ ಏನಂದ್ರು, ಸ್ವಲ್ಪ ಕೇಳಿ ಹೇಳ್ರಿ" ಎಂದು ಚೀಟಿ ಕೈಗಿಡುತ್ತಿದ್ದರು. ಅಂದಿನಿಂದ ಮಂಗಳವಾರ, ಶುಕ್ರವಾರ ಅಮ್ಮ ಬೆಸ್ಟ್ ಬಸ್ಸು ಹತ್ತಿ ಪರೇಲಿಗೆ ಹೋಗುವುದು ನಮ್ಮ ಮನೆಯ ನಿಯಮವೇ ಆಯಿತು. ಆ ದಿನ ಅಡುಗೆ ನಾನು ಮಾಡಬೇಕಿತ್ತು.

ಈಗ ಕಲಬುರಗಿ, ಹುಬ್ಬಳ್ಳಿ, ಬೆಂಗಳೂರಿನಲ್ಲಿ ಚಿಕಿತ್ಸೆ ಸಿಗುತ್ತದೆಯಲ್ಲ, ಇನ್ನೂ ಯಾರು ಬರುತ್ತಾರೆ ಎಂದು ಸಮಿತಿಯ ಒಬ್ಬರು ನನ್ನನ್ನು ಕೇಳಿದರು. ಬರುತ್ತಾರೆ ಸ್ವಾಮಿ. ಬೆಳಗಾವಿ ಕಡೆಯವರಿಗೆ ಬೆಂಗಳೂರು ಎಷ್ಟು ದೂರವೋ ಮುಂಬಯಿಯೂ ಹೆಚ್ಚುಕಡಿಮೆ ಅಷ್ಟೇ ದೂರ. ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ನೇರ ದಾದರಿನಲ್ಲಿ ಇಳಿಯಬಹುದು. ಹುಬ್ಬಳ್ಳಿ ಕಡೆಯವರಿಗೆ ಚಾಲುಕ್ಯ ಎಕ್ಸ್‌ಪ್ರೆಸ್ ಇದೆ. ಊರಲ್ಲಿ ಯಾರೋ ಒಬ್ಬರು ಟಾಟಾದಲ್ಲಿ ಗುಣವಾಗಿ ಬಂದಿರುತ್ತಾರೆ. ಅವರ ಮಾತು ಕೇಳಿ ಇನ್ನೊಬ್ಬರು ಹೊರಡುತ್ತಾರೆ.

ಬಂದ ಮೇಲೆ ಕಷ್ಟ ಶುರು. ಬಾಯಿ, ಗಂಟಲ ಕ್ಯಾನ್ಸರಿಗೆ ಕರೆಂಟ್ ಕೊಡುವುದು ಅಂತಾರಲ್ವಾ, ರೇಡಿಯೇಶನ್, ಅದು ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6-7 ವಾರ ನಡೆಯುತ್ತದೆ. ಒಂದು ದಿನದ ಚಿಕಿತ್ಸೆ ಕೆಲವೇ ನಿಮಿಷ. ಉಳಿದ ಹೊತ್ತು ಎಲ್ಲಿರಬೇಕು? ದಾದರಿನ ಗಾಡಗೆ ಮಹಾರಾಜ್ ಧರ್ಮಶಾಲೆಯಂಥ ಕಡೆ ಜಾಗ ಸಿಕ್ಕರೆ ಪುಣ್ಯ. ಸಿಗದವರು ಜೆರ್ಬಾಯಿ ವಾಡಿಯಾ ರಸ್ತೆಯ ಫುಟ್‌ಪಾತಿನಲ್ಲೋ ಹಿಂದ್‌ಮಾತಾ ಸೇತುವೆಯ ಕೆಳಗೋ ಮಲಗುತ್ತಾರೆ. ಮಳೆಗಾಲದಲ್ಲಿ ಹಿಂದ್‌ಮಾತಾದಲ್ಲಿ ನೀರು ನಿಲ್ಲುವುದು ಮುಂಬಯಿಯವರಿಗೆ ಹೇಳಿಕೊಡಬೇಕೇ?

ಅಮ್ಮ ಮಾಡುತ್ತಿದ್ದದ್ದು ಸಣ್ಣ ಸಣ್ಣ ಕೆಲಸ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದು ಆಸ್ಪತ್ರೆಯವರು ಹಿಂದಿಯಲ್ಲಿ ಹೇಳಿರುತ್ತಾರೆ. ಇವರು ತಲೆ ಆಡಿಸಿರುತ್ತಾರೆ. ಬೆಳಿಗ್ಗೆ ಚಹಾ, ಬಿಸ್ಕೀಟು ತಿಂದು ಬರುತ್ತಾರೆ. ಸ್ಕ್ಯಾನ್ ಮುಂದಕ್ಕೆ ಹೋಗುತ್ತದೆ. ಹಾಗೆ ಆಗದಂತೆ ಅಮ್ಮ ಹಿಂದಿನ ದಿನವೇ ಕನ್ನಡದಲ್ಲಿ ಒಂದು ಚೀಟಿ ಬರೆದು ಕೊಡುತ್ತಿದ್ದಳು. ಓದು ಬಾರದವರಿಗೆ ಎರಡು ಸಲ ಬಾಯಲ್ಲಿ ಹೇಳಿಸಿ ಕೇಳುತ್ತಿದ್ದಳು. ರೈಲಿನ ರಿಯಾಯಿತಿ ಫಾರ್ಮು ತುಂಬಿಸುತ್ತಿದ್ದಳು. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೆ ಸ್ಲೀಪರಿನಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗಿರುವ ಒಬ್ಬರಿಗೆ ಮುಕ್ಕಾಲು ಪಾಲು ಮಾಫಿ ಎಂಬುದು ಎಷ್ಟು ಜನರಿಗೆ ಗೊತ್ತು? ಅದಕ್ಕೆ ಆಸ್ಪತ್ರೆಯ ಸಹಿ, ಸೀಲು ಬೇಕು. ಗೊತ್ತಿಲ್ಲದೆ ಸಾಲ ಮಾಡಿ ಪೂರ್ತಿ ದುಡ್ಡು ಕೊಟ್ಟು ಓಡಾಡಿದವರನ್ನು ಅಮ್ಮ ಎಷ್ಟೋ ನೋಡಿದ್ದಳು.

ಒಂದು ಸಂಗತಿಯನ್ನು ನಾನೇ ಎದುರಿಗೆ ನಿಂತು ನೋಡಿದ್ದೇನೆ. ಇಂಡಿ ತಾಲೂಕಿನ ಒಬ್ಬ ರೈತ. ಬಾಯಿಯ ಆಪರೇಶನ್ ಆಗಿತ್ತು. ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿದ್ದರು. ಆಸ್ಪತ್ರೆಯಲ್ಲಿ ನರ್ಸ್ ತೋರಿಸಿಕೊಟ್ಟಿದ್ದರು, ಆದರೆ ಹೆಂಡತಿಗೆ ಕೈ ನಡುಗುತ್ತಿತ್ತು. ಅಮ್ಮ ಆಕೆಯನ್ನು ಸಂಘದ ಹಿಂದಿನ ಕೋಣೆಗೆ ಕರೆದುಕೊಂಡು ಬಂದಳು. ರಾಗಿ ಗಂಜಿ ತೆಳ್ಳಗೆ ಕಾಯಿಸಿದಳು. ಹಳೆಯ ಪಂಚೆಯ ತುಂಡಿನಲ್ಲಿ ಎರಡು ಸಲ ಸೋಸಿದಳು. ಒಂದು ಗಂಟು ಉಳಿದರೂ ನಳಿಗೆ ಕಟ್ಟಿಕೊಳ್ಳುತ್ತದೆ ಎಂದು ಬೆರಳಿಂದ ಮುಟ್ಟಿ ತೋರಿಸಿದಳು. ಗಂಡನನ್ನು ಗೋಡೆಗೆ ಒರಗಿಸಿ ಕೂರಿಸಿದಳು. ದೊಡ್ಡ ಸಿರಿಂಜನ್ನು ಎತ್ತಿ ಹಿಡಿದು, ಒತ್ತದೆ, ಗಂಜಿ ತಾನಾಗಿ ಇಳಿಯಲು ಬಿಟ್ಟಳು. ಕೊನೆಗೆ ಸ್ವಲ್ಪ ಬರೀ ನೀರು. ಆಮೇಲೆ ಸಿರಿಂಜನ್ನು ಆ ಹೆಂಗಸಿನ ಕೈಗೆ ಕೊಟ್ಟು, ತಾನು ಕೈ ಹಿಂದೆ ಕಟ್ಟಿಕೊಂಡು ನಿಂತಳು. ಮೂರನೇ ಹೊತ್ತಿಗೆ ಆಕೆ ಒಬ್ಬಳೇ ಮಾಡುತ್ತಿದ್ದಳು. ಆ ಮನುಷ್ಯ ಊರಿಗೆ ಹೋದ ಮೇಲೆ ಪ್ರತಿ ಸಂಕ್ರಾಂತಿಗೆ ಜೋಳದ ಹಿಟ್ಟು ಕಳಿಸುತ್ತಿದ್ದ. ಕರಾವಳಿಯ ನನ್ನಮ್ಮ ಜೋಳದ ರೊಟ್ಟಿ ಬಡಿಯಲು ಕಲಿತದ್ದು ಅಂಥವರಿಂದಲೇ.

ಆ ಕೋಣೆ ಹೇಗೆ ಬಂತು ಎಂದೂ ಹೇಳಬೇಕು. 1986ರಲ್ಲಿ ಸಂಘದ ಸ್ವಂತ ಕಟ್ಟಡ ಆಯಿತು. ವಂತಿಗೆ ಎತ್ತಲು ಅಮ್ಮ ಮಹಿಳಾ ವಿಭಾಗದವರ ಜೊತೆ ಮನೆಮನೆ ತಿರುಗಿದ್ದಾಳೆ. ಹೋಟೆಲ್ ಮಾಲೀಕರೂ ಕೊಟ್ಟರು, ಅದೇ ಹೋಟೆಲಿನ ಮಾಣಿಗಳೂ ಕೊಟ್ಟರು. ಆಗಿನ ಸಮಿತಿ ತಳಮಹಡಿಯ ಹಿಂದಿನ ಕೋಣೆಯನ್ನು ಪರವೂರಿನ ರೋಗಿಗಳ ಸಹಾಯಕ್ಕೆಂದು ಬಿಟ್ಟುಕೊಟ್ಟಿತು. ಆ ಠರಾವು ನಡಾವಳಿ ಪುಸ್ತಕದಲ್ಲಿದೆ. ದಯವಿಟ್ಟು ತೆಗೆಸಿ ನೋಡಿ. ಕೋಣೆಯಲ್ಲಿ ಇದ್ದದ್ದು ಕುಕ್ಕರು, ಸ್ಟವ್, ಬಾಲ್ದಿ, ಚಾದರ, ಎರಡು ಗಾಲಿಕುರ್ಚಿ, ಒಂದು ಮೇಜು. ರೋಗಿಯ ಕಡೆಯವರು ಬೇಕಾದ್ದು ಒಯ್ಯುತ್ತಿದ್ದರು, ಊರಿಗೆ ಹೊರಡುವಾಗ ತಂದಿಡುತ್ತಿದ್ದರು. ಗಂಟುಮೂಟೆ ಇಟ್ಟು, ಕಾಲು ಚಾಚಿ ಒಂದು ಗಂಟೆ ಮಲಗುತ್ತಿದ್ದರು.

ಅದರ ಲೆಕ್ಕದ ಪುಸ್ತಕಗಳು ನನ್ನ ಹತ್ತಿರ ಇವೆ. ಕೆಂಪು ಬಟ್ಟೆಯ ಬೆನ್ನಿನ ಉದ್ದ ಪುಸ್ತಕಗಳು. ಎಡಕ್ಕೆ ಹೆಸರು, ಊರು. ನಡುವೆ ಕೊಟ್ಟ ಸಾಮಾನು: ಕುಕ್ಕರ್ 1, ಚಾದರ 2, ಬಾಲ್ದಿ 1. ಬಲಕ್ಕೆ 'ಬಂತು' ಎಂದು ಬರೆದು ತಾರೀಕು. ಕೆಲವು ಸಾಲುಗಳಲ್ಲಿ ಬಲಗಡೆ ಖಾಲಿ ಇದೆ. ಅಂಥ ಕಡೆ ಅಮ್ಮ ಯಾರನ್ನೂ ಕೇಳಲು ಹೋಗಿಲ್ಲ, ಹೊಸ ಕುಕ್ಕರ್ ತಂದು ಇಟ್ಟಿದ್ದಾಳೆ. ಅದಕ್ಕೆ ದುಡ್ಡು ಕೊಟ್ಟವರ ಹೆಸರೂ ಪುಸ್ತಕದ ಹಿಂದಿನ ಪುಟಗಳಲ್ಲಿದೆ. ಸಂಘದ ಹಣದಿಂದ ಒಂದು ಪೈಸೆ ತೆಗೆದಿಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ರೈಲು ನಿಂತಾಗ ಅಮ್ಮನಿಗೆ 89 ವರ್ಷ, ಹೊರಗೆ ಹೋಗುವ ಹಾಗಿರಲಿಲ್ಲ. ಇದೇ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಪರೇಲಿನಲ್ಲಿ ಸಿಕ್ಕಿಬಿದ್ದ ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದಳು. ಯಾರಿಗೆ ಅಕ್ಕಿ ಮುಗಿದಿದೆ, ಯಾರಿಗೆ ಮಾತ್ರೆ ಮುಗಿದಿದೆ ಎಂದು ಬರೆದುಕೊಂಡು, ಹತ್ತಿರದ ಪರಿಚಯದವರಿಂದ ತಲುಪಿಸುತ್ತಿದ್ದಳು.

ಇನ್ನು ನನ್ನ ದೂರು.

2022ರಲ್ಲಿ ಸಭಾಗೃಹ ನವೀಕರಣವಾಯಿತು. ಏಸಿ ಬಂತು, ಹೊಸ ವೇದಿಕೆ ಬಂತು. ಅದೇ ಹೊತ್ತಿಗೆ ಹಿಂದಿನ ಕೋಣೆಯನ್ನು ಕೇಟರಿಂಗ್‌ನವರಿಗೆ ಉಗ್ರಾಣ ಮಾಡಿ ಕೊಡಲಾಯಿತು. ಅಮ್ಮನಿಗೆ ಒಂದು ಮಾತು ಹೇಳಲಿಲ್ಲ. ನಾವು ಒಂದು ಮಂಗಳವಾರ ಕುಕ್ಕರ್ ತರಲು ಹೋದಾಗ ಬಾಗಿಲಿಗೆ ಬೇರೆ ಬೀಗ ಇತ್ತು. ಸಾಮಾನು ಟೆರೇಸಿನಲ್ಲಿದೆ ಎಂದು ವಾಚ್‌ಮನ್ ಹೇಳಿದರು. ಲಿಫ್ಟು ಟೆರೇಸಿನವರೆಗೆ ಹೋಗುವುದಿಲ್ಲ. ಅಮ್ಮನನ್ನು ಕೆಳಗೆ ಕೂರಿಸಿ, ಮಹಿಳಾ ವಿಭಾಗದ ಇಬ್ಬರ ಜೊತೆ ನಾನು ಮೇಲೆ ಹೋದೆ. ಜುಲೈ ತಿಂಗಳು. ಮೇಲೆ ಹೊದಿಸಿದ್ದ ನೀಲಿ ತಾಡಪಾಲು ಗಾಳಿಗೆ ಅರ್ಧ ಹಾರಿಹೋಗಿತ್ತು. ಚಾದರಗಳು ನೀರು ಕುಡಿದು ಬೂಷ್ಟು ಹಿಡಿದಿದ್ದವು. ಸ್ಟವ್‌ಗಳಿಗೆ ತುಕ್ಕು. ಗಾಲಿಕುರ್ಚಿಯೊಂದರ ಸೀಟಿನಲ್ಲಿ ನೀರು ನಿಂತಿತ್ತು. ನಾನು ನೋಡಿದ್ದನ್ನು ನೋಡಿದ ಹಾಗೆಯೇ ಬರೆಯುತ್ತಿದ್ದೇನೆ. ಆ ಇಬ್ಬರೂ ಈಗಲೂ ಸದಸ್ಯರು, ಕೇಳಬಹುದು.

ಅಮ್ಮ ಜಗಳ ಮಾಡಲಿಲ್ಲ. ಸೆಪ್ಟೆಂಬರಿನಲ್ಲಿ ತನ್ನ ಕೈಯಾರೆ ಪತ್ರ ಬರೆದಳು. ಅದರಲ್ಲಿ ಒಂದು ಕಟುಮಾತು ಇಲ್ಲ. ಸಾಮಾನು ಇಡಲು ಬೇರೆ ಎಲ್ಲಾದರೂ ಒಣ ಜಾಗ ಕೊಡಲು ಸಾಧ್ಯವೇ ಎಂದು ಕೇಳಿದ್ದಾಳೆ, ಅಷ್ಟೇ. ಕಚೇರಿಯ ಸೀಲು ಬಿದ್ದ ನಕಲು ನನ್ನ ಹತ್ತಿರ ಇದೆ. ಮುಂದಿನ ಸಭೆಯಲ್ಲಿ ಇಡುತ್ತೇವೆ ಎಂದರು. ಆ ಮುಂದಿನ ಸಭೆ ಬರಲೇ ಇಲ್ಲ. ಆಮೇಲೆ ಉಳಿದಿದ್ದ ಒಳ್ಳೆಯ ಕುಕ್ಕರು, ಚಾದರಗಳನ್ನು ಅಮ್ಮ ಮನೆಗೆ ತರಿಸಿ ತನ್ನ ಮಂಚದ ಕೆಳಗೆ ಇಟ್ಟುಕೊಂಡಳು. ಕಾಯಿಲೆಯವರ ಕಡೆಯವರು ನಮ್ಮ ಮೂರನೇ ಮಹಡಿ ಹತ್ತಿ ಬರುತ್ತಿದ್ದರು. 2024ರಲ್ಲಿ, 93ನೇ ವಯಸ್ಸಿನಲ್ಲಿ ಅವಳು ತೀರಿಕೊಂಡಾಗಲೂ ಆ ಸಾಮಾನು ಮಂಚದ ಕೆಳಗೇ ಇತ್ತು.

ಸಭಾಗೃಹದ ಬಾಡಿಗೆ ಸಂಘಕ್ಕೆ ಬೇಕು, ನನಗೆ ಅರ್ಥವಾಗುತ್ತದೆ. ನಾನೂ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಆಸ್ತಿ ತೆರಿಗೆ, ಲಿಫ್ಟು, ವಾಚ್‌ಮನ್ ಸಂಬಳ, ಜೂನ್ ತಿಂಗಳಲ್ಲಿ ಮಕ್ಕಳಿಗೆ ಕೊಡುವ ವಿದ್ಯಾರ್ಥಿವೇತನ ಎಲ್ಲ ಆ ಬಾಡಿಗೆಯಿಂದಲೇ ನಡೆಯುತ್ತದೆ. ಮದುವೆ, ಮುಂಜಿಗೆ ಬರುವವರು ಅನುಕೂಲ ನೋಡುತ್ತಾರೆ, ಕೇಟರಿಂಗ್‌ನವರಿಗೆ ಜಾಗ ಬೇಕಾಗುತ್ತದೆ. ಆದರೆ ಹೊಸ ವೇದಿಕೆಯ ಕೆಳಗೆ ಬಾಗಿಲಿರುವ ದೊಡ್ಡ ಜಾಗ ಇದೆಯಲ್ಲ. ಈಗ ಅಲ್ಲಿ ಹಳೆಯ ಸೌಂಡ್ ಬಾಕ್ಸುಗಳು, ಮುರಿದ ಕುರ್ಚಿಗಳು, ಹಳೆಯ ಬ್ಯಾನರುಗಳು ಬಿದ್ದಿವೆ. ಅವನ್ನು ಗುಜರಿಗೆ ಹಾಕಿದರೆ ಕೇಟರಿಂಗ್‌ನವರ ಪಾತ್ರೆ ಅಲ್ಲಿ ಸುಮ್ನೆ ಹಿಡಿಯುತ್ತದೆ. ಅಡುಗೆಮನೆಗೂ ಅದೇ ಹತ್ತಿರ. ಬಾಡಿಗೆ ಒಂದು ರೂಪಾಯಿ ಕಡಿಮೆಯಾಗುವುದಿಲ್ಲ.

ಆದ್ದರಿಂದ ನಮ್ಮ ಕುಟುಂಬದ ಉತ್ತರ ಹೀಗಿದೆ. ಹಿಂದಿನ ಕೋಣೆಯನ್ನು 1986ರ ಠರಾವಿನಂತೆ ವಾಪಸ್ ಕೊಡುವವರೆಗೆ ಪ್ರಶಸ್ತಿಗೆ ಅಮ್ಮನ ಹೆಸರು ಬಳಸಲು ನಾವು ಒಪ್ಪುವುದಿಲ್ಲ. ಫೋಟೋ ವಿಷಯವನ್ನೂ ಆಮೇಲೆ ಮಾತಾಡೋಣ. ತಮ್ಮ ಗೌರವವನ್ನು ತಳ್ಳಿಹಾಕುತ್ತಿದ್ದೇನೆ ಎಂದು ಭಾವಿಸಬೇಡಿ. ಅವಳು ಮಾಡಿದ ಕೆಲಸ ನಿಂತುಹೋಗಿರುವ ಮನೆಯಲ್ಲಿ ಅವಳ ಹೆಸರಿನ ಶಾಲನ್ನು ಇನ್ನೊಬ್ಬರ ಹೆಗಲಿಗೆ ಹಾಕುವುದನ್ನು ನೋಡಲು ನನಗೆ ಆಗುವುದಿಲ್ಲ. ಮಗಳಾಗಿ ಹೇಳುತ್ತಿದ್ದೇನೆ.

ಪ್ರಶಸ್ತಿಗೆಂದು ತೆಗೆದಿಟ್ಟ ಹಣವನ್ನು ದಯವಿಟ್ಟು ಕೋಣೆಗೆ ಬಳಸಿ. ಹೊಸ ಚಾದರ, ಕೆಲವು ಕುಕ್ಕರು, ಇಂಡಕ್ಷನ್ ಒಲೆ, ಗೋಡೆಗೆ ಒಂದು ಬಣ್ಣ, ಒಂದು ಮಿಕ್ಸಿ. ನಳಿಗೆಯಿಂದ ಊಟ ಕೊಡುವವರಿಗೆ ಮಿಕ್ಸಿ ತುಂಬಾ ಬೇಕಾಗುತ್ತದೆ. ಕಡಿಮೆ ಬಿದ್ದರೆ ನಾನೂ ನನ್ನ ತಮ್ಮಂದಿರೂ ಹಾಕುತ್ತೇವೆ. ಸಂಘದ ಹೆಸರಿನಲ್ಲಿ ಒಂದು ಮೊಬೈಲ್ ನಂಬರು ಬೇಕು. ಅಮ್ಮನ ನಂಬರನ್ನು ನಾನು ಚಾಲೂ ಇಟ್ಟಿದ್ದೇನೆ, ಈಗಲೂ ಕರೆ ಬರುತ್ತದೆ. ಮೊನ್ನೆ ರಾಯಚೂರು ಕಡೆಯ ಒಬ್ಬ ಹೆಣ್ಣುಮಗಳು ದಾದರ್ ಸ್ಟೇಷನ್ನಿನಿಂದ ಫೋನ್ ಮಾಡಿದಳು. ಅಣ್ಣನಿಗೆ ನಾಲಿಗೆಯ ಹುಣ್ಣು, ಎಲ್ಲಿಗೆ ಹೋಗಬೇಕು ಗೊತ್ತಿಲ್ಲ ಎಂದಳು. ಅಮ್ಮ ಇಲ್ಲ ಎಂದಾಗ ಆ ಕಡೆ ಮಾತೇ ಇಲ್ಲ. ಅಲ್ಲೇ ನಿಂತಿರಿ ಎಂದು ಹೇಳಿ ನಾನು ಹೋದೆ. ಆ ನಂಬರನ್ನೇ ಸಂಘಕ್ಕೆ ವರ್ಗ ಮಾಡಿಕೊಡಲು ನಾನು ಸಿದ್ಧ. ಬೆಳಿಗ್ಗೆಯಿಂದ ಸಂಜೆವರೆಗೆ ಕಚೇರಿಯ ಒಬ್ಬರು ಎತ್ತಿದರೆ ಸಾಕು.

ಇದನ್ನು ಓದುತ್ತಿರುವ ಉಳಿದವರಿಗೂ ಒಂದು ಮಾತು. ಈ ಊರಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕೂ ಬರುತ್ತದೆ. ಹಲವರ ಮನೆಯಲ್ಲಿ ತುಳುವೋ ಕೊಂಕಣಿಯೋ ಬೇರೆ ಇದೆ. ಕಲಬುರಗಿಯಿಂದ ಬಂದ ಒಬ್ಬ ಮನುಷ್ಯ ಆಸ್ಪತ್ರೆಯ ಕಿಟಕಿಯ ಮುಂದೆ ಬಾಯಿ ಬಾರದೆ ನಿಂತಾಗ ಬೇಕಾಗುವುದು ಇದೇ. ಕಾಲೇಜಿನವರು ಬನ್ನಿ, ನಿವೃತ್ತರಾದವರು ಬನ್ನಿ. ವಾರಕ್ಕೆ ಒಂದು ಬೆಳಿಗ್ಗೆ ಕೊಟ್ಟರೂ ಉಪಕಾರ. ಡಾಕ್ಟರ ಹತ್ತಿರ ಮಾತಾಡುವಾಗ ರೋಗಿ ಕೇಳಿದ್ದನ್ನು ಅಷ್ಟೇ ಕೇಳಬೇಕು, ಡಾಕ್ಟರ್ ಹೇಳಿದ್ದನ್ನು ಅಷ್ಟೇ ಹೇಳಬೇಕು, ನಮ್ಮ ಸಲಹೆ ಸೇರಿಸಬಾರದು. ಅಮ್ಮ ಇದರಲ್ಲಿ ಬಹಳ ಕಟ್ಟುನಿಟ್ಟು. ಮನೆಮದ್ದು, ದೇವರ ಹರಕೆ ಎಂದು ರೋಗಿಯ ತಲೆ ತಿನ್ನುವವರನ್ನು ಅವಳು ಹತ್ತಿರ ಸೇರಿಸುತ್ತಿರಲಿಲ್ಲ. ಆ ಕೆಲಸವನ್ನು ಹೇಗೆ ಮಾಡಬೇಕು ಎಂದು ಅವಳ ಜೊತೆ ಓಡಾಡಿ ನಾನು ನೋಡಿದ್ದೇನೆ, ಬಂದವರಿಗೆ ತೋರಿಸಿಕೊಡುತ್ತೇನೆ. ಮಂಗಳವಾರ, ಶುಕ್ರವಾರ ನಾನು ಪರೇಲಿಗೆ ಹೋಗುತ್ತಿದ್ದೇನೆ.

ಮಾನ್ಯ ಅಧ್ಯಕ್ಷರೇ, ವಾರ್ಷಿಕ ಮಹಾಸಭೆ ಹತ್ತಿರ ಬರುತ್ತಿದೆ. ಅದಕ್ಕೆ ಮೊದಲು ಈ ಪತ್ರಕ್ಕೆ ಲಿಖಿತ ಉತ್ತರ ಕೊಡಬೇಕೆಂದು ವಿನಂತಿ. ಉತ್ತರ ಬರದಿದ್ದರೆ ಕೋಣೆಯ ವಿಷಯವನ್ನು ಠರಾವಾಗಿ ಮಹಾಸಭೆಯಲ್ಲಿ ಮಂಡಿಸುತ್ತೇನೆ. ಮಹಿಳಾ ವಿಭಾಗದ ಇಬ್ಬರು ಅನುಮೋದಿಸಲು ಒಪ್ಪಿದ್ದಾರೆ. 1986ರ ನಡಾವಳಿ ಪುಸ್ತಕವನ್ನು ಆ ದಿನ ಸಭೆಯ ಮುಂದೆ ಇಡಿಸಬೇಕು. ಅಮ್ಮನ ಲೆಕ್ಕದ ಪುಸ್ತಕಗಳನ್ನು ನಾನು ತರುತ್ತೇನೆ. ಯಾರು ಬೇಕಾದರೂ ತೆಗೆದು ನೋಡಬಹುದು.

ಇತಿ ತಮ್ಮ ವಿಶ್ವಾಸಿ,
ಸಂಘದ ಆಜೀವ ಸದಸ್ಯೆ, ಅಮ್ಮನ ಹಿರಿಮಗಳು
ವಡಾಲ, ಮುಂಬಯಿ